ಎರಡನೆಯ ಹೀರೋ ಮತ್ತು ನನ್ನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಮರ್ಯಾದೆ ಇರುತ್ತದೆ. ಬಾಜೂ ಮನೆಯವರು ಹೊಸ ಕಾರು ತಂದರೆಂದು ಪಡಬಹುದು, ಷಡ್ಡಕ ಪ್ಲಾಟು ಹಿಡಿದನೆಂದು ಪಡಬಹುದು. ಇಂಥದ್ದನ್ನು ಚಹಾದಂಗಡಿಯಲ್ಲಿ ನಿಂತು ಹೇಳಿಕೊಂಡರೆ ಸುತ್ತ ನಿಂತವರು 'ಹೌದ್ರೀ' ಎಂದು ಗೋಣು ಹಾಕುತ್ತಾರೆ. ನನ್ನದು ಹಾಗೆ ಹೇಳಿಕೊಳ್ಳುವಂಥದ್ದಲ್ಲ. ಬೆಳಗಾವಿಯ ನೆಹರು ನಗರದಲ್ಲಿ ಚಷ್ಮಾದ ಅಂಗಡಿ ಇಟ್ಟುಕೊಂಡು, ಬೆಳಿಗ್ಗೆ ವಿಭೂತಿ ಹಚ್ಚದೆ ಹೊರಬೀಳದ, ಐವತ್ತರ ಹತ್ತಿರ ಬಂದ ಗೃಹಸ್ಥನಾದ ನನಗೆ ಹೊಟ್ಟೆಕಿಚ್ಚು ಇರುವುದು ಕೊರಿಯಾ ದೇಶದ ಧಾರಾವಾಹಿಗಳ ಹುಡುಗರ ಮೇಲೆ. ಒಬ್ಬನ ಮೇಲಲ್ಲ, ಸಾಲುಹಿಡಿದು ಎಲ್ಲರ ಮೇಲೆ. ಅವರ ಹೆಸರು ಹೇಳಲು ನನ್ನ ನಾಲಿಗೆ ಹೊರಳುವುದಿಲ್ಲ. ಹೆಸರು ಹೇಳಲು ಬಾರದವನನ್ನು ಬೈಯುವುದು ಎಷ್ಟು ಕಷ್ಟವೆಂಬುದು ಬೈದು ನೋಡಿದವರಿಗೇ ಗೊತ್ತು.

ನನ್ನ ಹೆಂಡತಿ ಸುಮಾ ಸಾಲಿಯಲ್ಲಿ ಟೀಚರು. ಅವಳಿಗೆ ಈ ಹುಚ್ಚು ಹಿಡಿದಾಗ ಇದೂ ಯೋಗಾಸನದ ಕ್ಲಾಸಿನ ಹಾಗೆ ಒಂದು ತಿಂಗಳಲ್ಲಿ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ, ಖಾನಾಪುರದಲ್ಲಿರುವ ನಮ್ಮ ಅತ್ತೆಗೂ ಅಂಟಿತು. ಮಗಳಾದ ಸುಮಾ ಪರದೆಯ ಕೆಳಗಿನ ಇಂಗ್ಲಿಷ್ ಅಕ್ಷರ ಓದುತ್ತ ನೋಡುತ್ತಾಳೆ, ಅತ್ತೆ ಹಿಂದಿ ಮಾತು ಹಾಕಿಕೊಂಡು ನೋಡುತ್ತಾರೆ, ಆಮೇಲೆ ಇಬ್ಬರೂ ಫೋನು ಹಚ್ಚಿ ವಿಮರ್ಶೆಗೆ ಕೂರುತ್ತಾರೆ. ನಮ್ಮ ಅತ್ತೆ ಖಾನಾಪುರದ ಅರ್ಧ ಊರಿಗೆ ಸಂಬಂಧ ಕೂಡಿಸಿದವರು. ಅಲ್ಲಿ ಕನ್ನಡದ ಮನೆಯಾದರೂ ಸರಿ, ಮರಾಠಿಯ ಮನೆಯಾದರೂ ಸರಿ, ವರ ಕಾಲು ತೊಳೆದು ಒಳಗೆ ಬರುವುದನ್ನು ನೋಡಿಯೇ ಇವನು ಆಗುವವನೋ ಆಗದವನೋ ಹೇಳಿಬಿಡುತ್ತಿದ್ದರು. ಯಾವ ಪಾತ್ರಕ್ಕೆ ಯಾರನ್ನು ಹಾಕಬೇಕಿತ್ತು ಎಂದು ತೂಗಿ ನೋಡುವುದು ಅಂಥವರಿಗೆ ಯಾವ ಲೆಕ್ಕ?

"ಅವ್ವಾ, ಈಗೀಗ ಎಲ್ಲಾ ಹನ್ನೆರಡ ಕಂತಿಗೇ ಮುಗಸಾಕ ಹತ್ಯಾರ ನೋಡ. ಮೊದ್ಲ ಹದಿನಾರ ಇರತಿದ್ವು. ಪ್ರೀತಿ ಹುಟ್ಟಾಕರ ವ್ಯಾಳ್ಯಾ ಬ್ಯಾಡೇನ?" ಎಂದು ಇವಳು ಇಲ್ಲಿಂದ ಹೇಳಿದರೆ, ಸ್ಪೀಕರಿನಲ್ಲಿ ಅತ್ತೆಯ ದನಿ: "ಖರೇ ಅದ. ಮತ್ತ ಹಾಡೂ ಹುಡುಗರನ್ನೆಲ್ಲಾ ಹಿಡಕೊಂಡ ಬಂದು ಹೀರೋ ಮಾಡ್ತಾರ. ಮಾರಿ ಚಂದ ಇದ್ರ ಆತೇನು? ಅಳೂ ಮುಂದ ಕಣ್ಣಾಗ ನೀರ ಬರಬ್ಯಾಡೇನು?" ನಾಯಕಿಗಿಂತ ನಾಯಕ ಸಣ್ಣವನಿರುವುದು ಈಗಿನ ಹೊಸ ಪದ್ಧತಿಯಂತೆ. ಅದು ಅತ್ತೆಗೆ ಸೇರುವುದಿಲ್ಲ ಎಂದು ನಾನು ಖಾತ್ರಿಯಿಂದ ಕಿವಿಗೊಟ್ಟಿದ್ದೆ. ಅವರು ಮಾತ್ರ, "ಇರಲಿ ಬಿಡ. ಸಣ್ಣಾಂವ ಇದ್ರ ಹೇಳಿದ್ದ ಕೇಳ್ತಾನ" ಎಂದರು. ಸುಮಾ ನಕ್ಕಳು ನೋಡಿ, ಹಾಗೆ ಅವಳು ನಗುವುದನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು.

ಸಂಕಟ ಇರುವುದು ಅಲ್ಲಿಯೇ. ಆ ಹುಡುಗರ ನುಣುಪು ಗಲ್ಲ, ಹಣೆಯ ತುಂಬ ಕೂದಲು, ಇವೆಲ್ಲ ನನ್ನನ್ನು ಅಷ್ಟೇನೂ ಕಾಡಲಿಲ್ಲ. ನನ್ನ ಅಂಗಡಿಯ ತುಂಬ ಕನ್ನಡಿಗಳಿವೆ, ನನ್ನ ಮುಖದ ಬಗ್ಗೆ ನನಗೆ ಭ್ರಮೆಯೇನೂ ಉಳಿದಿಲ್ಲ. ಸಾಲದ್ದಕ್ಕೆ ಅವರಿಂದ ನನಗೆ ಲಾಭವೂ ಆಗಿದೆ. "ಕೆಳಗಿನ ಅಕ್ಷರ ಓದಾಕ ಆಗವಲ್ದು, ನಂಬರ ನೋಡ್ರಿ" ಎಂದು ಬರುವ ಹೆಣ್ಣುಮಕ್ಕಳಿಂದ ಅಂಗಡಿ ಚೆನ್ನಾಗಿಯೇ ನಡೆಯುತ್ತಿದೆ. ಆದರೆ ನನ್ನ ಹೆಂಡತಿ ನನ್ನೊಡನೆ ಆಡುವ ಮಾತು ಗ್ಯಾಸು, ಹಾಲು, ಕೇಬಲ್ಲಿನವನು, ಇಷ್ಟಕ್ಕೆ ಮುಗಿಯುತ್ತದೆ. ಅದೇ ಬಾಯಿ ಎಲ್ಲಿಯದೋ ಹುಡುಗನ ವಿಷಯ ಬಂದರೆ ಅರಳು ಹುರಿದಂತೆ ಮಾತಾಡುತ್ತದೆ. ಇದನ್ನು ಕಂಡು ಕರುಳು ಚುರ್ ಎನ್ನದ ಗಂಡನಿದ್ದರೆ ಅವನ ಕಾಲಿಗೆ ಬೀಳುತ್ತೇನೆ.

ಆ ಮಾತಿನಲ್ಲಿ ನನಗೂ ಒಂದು ಜಾಗ ಬೇಕಿತ್ತು. ಅದಕ್ಕಾಗಿ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಫೋನು ಅಡ್ಡ ಹಿಡಿದು ಒಂದು ಧಾರಾವಾಹಿಯನ್ನು ಪೂರಾ ನೋಡಿದೆ. ನೋಡಿ, ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡು, ಕಂಪನಿ ಮಾಲಕನ ಮಗನ ಪಾತ್ರ ಛಲೋ ಆಗಿದೆ ಎಂದು ಅಭಿಪ್ರಾಯ ಕೊಟ್ಟೆ. ಸುಮಾ ನನ್ನನ್ನು ಹೋಮ್‌ವರ್ಕ್ ತಪ್ಪು ಬರೆದ ಹುಡುಗನನ್ನು ನೋಡಿದ ಹಾಗೆ ನೋಡಿದಳು. "ಅದೆಲ್ಲಾ ಹಳೇದಾತ್ರೀ. ಸಾವಕಾರರ ಹುಡುಗ, ಬಡವರ ಹುಡುಗಿ, ರಟ್ಟಿ ಹಿಡದ ಜಗ್ಗೂದು. ಈಗ ಅದನ್ನ ಯಾರ ನೋಡ್ತಾರ? ನೀವು ಎರಡನೇ ಹೀರೋನ ನೋಡಬೇಕು." ಎರಡನೆಯ ಹೀರೋ ಎಂದರೆ ಯಾರೆಂದು ಕೇಳಿದೆ. ನಾಯಕಿ ಮಳೆಯಲ್ಲಿ ತೊಯ್ದರೆ ಛತ್ರಿ ಹಿಡಿಯುವವನು, ಜ್ವರ ಬಂದರೆ ಗಂಜಿ ತರುವವನು, ಕಡೆಗೆ ಅವಳು ಇನ್ನೊಬ್ಬನ ಕೈಹಿಡಿದಾಗ ನಕ್ಕು ಹಿಂದೆ ಸರಿಯುವವನು. ನೋಡುವವರ ಜೀವವೆಲ್ಲ ಅವನ ಮೇಲೆಯೇ ಇರುತ್ತದಂತೆ. "ಅವನ ಸಲುವಾಗೇ ನಾ ನೋಡೂದು" ಎಂದು ಸುಮಾ ನನ್ನ ತಾಟಿಗೆ ಅನ್ನ ಬಡಿಸುತ್ತಲೇ ಹೇಳಿದಳು.

ಅವತ್ತಿನಿಂದ ನನ್ನ ಹೊಟ್ಟೆಕಿಚ್ಚು ಮೊದಲನೆಯವನನ್ನು ಬಿಟ್ಟು ಎರಡನೆಯವನ ಬೆನ್ನು ಹತ್ತಿತು. ಮೊದಲನೆಯವನನ್ನಾದರೆ ಸೊಕ್ಕಿನವನೆಂದು ತಳ್ಳಿಹಾಕಬಹುದು. ಎರಡನೆಯವನು ಒಳ್ಳೆಯವನು. ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಎಲ್ಲಿಯೂ ನ್ಯಾಯ ಸಿಗುವುದಿಲ್ಲ.

ಮೊನ್ನೆ ರವಿವಾರ ಲೋಂಡಾ ಕಡೆಯ ಗಾಡಿ ಹತ್ತಿ ಇಬ್ಬರೂ ಖಾನಾಪುರಕ್ಕೆ ಹೋಗಿದ್ದೆವು. ಊಟವಾಗಿ, ಒಂದು ನಿದ್ದೆಯಾಗಿ, ಚಹಾ ಆದ ಮೇಲೆ ತಾಯಿ-ಮಗಳು ವಿಮರ್ಶೆಗೆ ಕೂತರು. ನಾನು ಪೇಪರು ಅಡ್ಡ ಹಿಡಿದು ಕೂತೆ. ಅತ್ತೆ ಒಮ್ಮೆಲೇ, "ನಿನಗ ಆಗಿಂದನೂ ಎರಡನೇ ಹೀರೋನ ಬೇಕ ಬಿಡ. ಕನ್ಯಾ ನೋಡಾಕ ಬಂದಿದ್ದ ಆ ಹುಡುಗನ ನೆನಪ ಅದ ಏನ?" ಎಂದರು. ಸುಮಾ ದನಿ ಮೆತ್ತಗೆ ಮಾಡಿ, "ಮರೀತೇನೇನವ್ವಾ? ಎಷ್ಟ ಪಾಪದಾಂವ ಇದ್ದ! ಅಂಥಾಂವ ಇನ್ನ ಎಲ್ಲಿ ಸಿಗಬೇಕು" ಎಂದಳು.

ನನಗಿಂತ ಮೊದಲು ಜಾಂಬೋಟಿ ಕಡೆಯ ಅಕ್ಕಿ ಗಿರಣಿಯವರ ಹುಡುಗನೊಬ್ಬ ಇವಳನ್ನು ನೋಡಿಹೋಗಿದ್ದು ನನಗೆ ಗೊತ್ತಿತ್ತು. ಎತ್ತರದ ಆಳು, ಮನೆಯೊಳಗೂ ಕಪ್ಪು ಚಷ್ಮಾ ತೆಗೆದಿರಲಿಲ್ಲವಂತೆ. ಅವನನ್ನು ಗೆದ್ದು ಬಂದವನು ನಾನೆಂದು ಇಪ್ಪತ್ತು ವರ್ಷದಿಂದ ಒಳಗೊಳಗೇ ಬೀಗಿದ್ದೆ. ಸೈರಣೆ ತಪ್ಪಿ ಪೇಪರು ಇಳಿಸಿದೆ. "ಯಾರೀ ಅತ್ತಿಯವರ, ಆ ಜಾಂಬೋಟಿಯಾಂವೇನು?"

"ಅವಾ? ಅಂವಾ ಮೊದಲನೇ ಹೀರೋ. ಕಾಲ ಮ್ಯಾಲ ಕಾಲ ಹಾಕ್ಕೊಂಡ ಕುಂತಿದ್ದ. ನಾವ ಹೇಳೂದು ನಿಮ್ಮದರೀ ಅಳಿಯಾರ! ಉಪ್ಪಿಟ್ಟ ತಿಂದ ಪ್ಲೇಟ ಹಿಡಕೊಂಡು ಸೀದಾ ಅಡಗಿಮನಿಗಿ ಬಂದಿದ್ರೆಲ್ಲಾ!"

ಆಗ ನೆನಪಾಯಿತು. ಕನ್ಯೆ ನೋಡಲು ಹೋದ ವರ ಜಮಖಾನೆಯ ಮೇಲೆ ಗೊಂಬೆಯ ಹಾಗೆ ಕೂತಿರಬೇಕು; ಕನ್ಯೆ ಹೊರಗೆ ಬರಬೇಕೇ ಹೊರತು ಅವನು ಒಳಗೆ ಹೋಗುವಂತಿಲ್ಲ. ನಾನು ಆಗ ಉಣ್ಣುತ್ತಿದ್ದುದು ಖಾನಾವಳಿಯಲ್ಲಿ. ಉಂಡವರು ತಮ್ಮ ತಾಟು ತಾವೇ ಒಳಗಿಡಬೇಕು, ಇಡದಿದ್ದರೆ ನಡೆಸುವ ಅಕ್ಕ ಮರುದಿನ ಆರಿದ ರೊಟ್ಟಿ ಕೊಡುತ್ತಿದ್ದಳು. ಅದೇ ಅಭ್ಯಾಸದಲ್ಲಿ ಎದ್ದು ಒಳಗೆ ಹೋಗಿಬಿಟ್ಟಿದ್ದೆ. ಹೆಂಗಸರು ಹೋ ಎಂದಿದ್ದರು, ನಮ್ಮ ಅಪ್ಪ ತಲೆ ಚಚ್ಚಿಕೊಂಡಿದ್ದರು. ಒಲೆಯ ಮುಂದೆ ಅರ್ಧ ಜಡೆ ಹೆಣೆದು ನಿಂತಿದ್ದ ಸುಮಾ ನನ್ನ ಕೈಯಿಂದ ಪ್ಲೇಟು ಇಸಿದುಕೊಂಡಿದ್ದಳು.

"ಅವತ್ತೇ ಹೇಳಿದ್ಲ, ಆದ್ರ ಇವನ್ನ ಆಗ್ತೇನಿ ಅಂತ" ಎಂದರು ಅತ್ತೆ. ನನ್ನ ಎದೆ ಉಬ್ಬಿತು. ಉಬ್ಬಿದ್ದು ಹಾಗೇ ನಿಂತಿತು. 'ಪಾಪದಾಂವ ಇದ್ದ' ಅಂದಳಲ್ಲ ಇವಳು? 'ಎಲ್ಲಿ ಸಿಗಬೇಕು' ಅಂದಳಲ್ಲ? ನಾನು ಇಲ್ಲೇ ಎದುರಿಗೆ, ಆರಾಮ ಕುರ್ಚಿಯಲ್ಲಿ, ಕಾಲು ಚಾಚಿ ಕೂತಿದ್ದೇನೆ! ಇಷ್ಟು ದಿನ ಕೊರಿಯಾದಲ್ಲಿ ಹುಡುಕಿದ ವೈರಿ ಖಾನಾಪುರದ ಅಡುಗೆಮನೆಯಲ್ಲಿ ಉಪ್ಪಿಟ್ಟಿನ ಪ್ಲೇಟು ಹಿಡಿದು ನಿಂತಿದ್ದ. ಖಂಡಿತ ನನಗಿಂತ ಒಳ್ಳೆಯವನು. ಅವನ ಮೇಲೆ ಹುಟ್ಟಿದಂಥ ಹೊಟ್ಟೆಕಿಚ್ಚು ನನಗೆ ಯಾವ ಕೊರಿಯಾದವನ ಮೇಲೂ ಹುಟ್ಟಿರಲಿಲ್ಲ.

ಅಷ್ಟರಲ್ಲಿ ಸುಮಾ ಮಾತಾಡುತ್ತಲೇ ಬಗ್ಗಿ ನನ್ನ ಕುರ್ಚಿಯ ಬುಡದಲ್ಲಿ ನಾನು ಚಹಾ ಕುಡಿದಿಟ್ಟಿದ್ದ ಕಪ್ಪು-ಬಶಿಗೆ ಕೈ ಹಾಕಿದಳು. ನಾನು ಥಟ್ಟನೆ ಎದ್ದು ಅದನ್ನು ಕಸಿದುಕೊಂಡು ಅಡುಗೆಮನೆಗೆ ನಡೆದೆ. ಹಿಂದಿನಿಂದ ಅತ್ತೆಯ ದನಿ ಬಂತು: "ನೋಡಿದೇನ ಸುಮಾ? ಹಿಂಗ ಕಡೀ ಕಂತಿನ್ಯಾಗ ಒಮ್ಮಿಗೇ ಸುಧಾರಸ್ತಾರ. ಯಾರ ನಂಬಬೇಕ ಇದನ್ನ?"

"ಇರಲಿ ತಡಿಯವ್ವಾ" ಎಂದಳು ಸುಮಾ, "ತೊಳದ ಬರ್ತಾರೋ, ಬರೇ ಇಟ್ಟ ಬರ್ತಾರೋ ನೋಡೂಣು."

ಇಟ್ಟು ಹೊರಗೆ ಹೊರಟಿದ್ದವನು ಹಿಂದಿರುಗಿ ನಲ್ಲಿ ಬಿಟ್ಟೆ.