ಮಾವನ ಎದೆಯೊಳಗಿನ ಪ್ರೆಶರು

ಗುಬ್ಬಿಯಲ್ಲಿ ನಮ್ಮ ಸೋದರಮಾವನಷ್ಟು ಬೈಸಿಕೊಂಡ ಮನುಷ್ಯ ಇನ್ನೊಬ್ಬನಿಲ್ಲ. ಎದುರಿಗೆ ಮಾತ್ರ ಯಾರೂ ಬೈದಿಲ್ಲ. ಬೈದರೆ ನಲ್ಲಿಯಲ್ಲಿ ನೀರು ಬರಬೇಕಲ್ಲ! ಬೀದಿ ಬೀದಿಗೆ ಕುಡಿಯುವ ನೀರು ಬಿಡುವ ವಾಲ್ವ್‌ಮನ್ ಆಗಿ ಮೂವತ್ತು ವರ್ಷ ದುಡಿದವರು ಅವರು. ರಿಟೈರಾದಾಗ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಯನ್ನು ಆಫೀಸಿಗೆ ಒಪ್ಪಿಸಿ, ಮಾರನೇ ದಿನವೇ ಅಂಥದ್ದೇ ಇನ್ನೊಂದು ಮಾಡಿಸಿಕೊಂಡರು. ಯಾವ ವಾಲ್ವಿಗೆ ಅಂತ ಕೇಳಿದರೆ ಕೀಗೆ ಎಣ್ಣೆ ಹಚ್ಚುತ್ತಾ ಕೂರುತ್ತಿದ್ದರು. ಅದನ್ನು ಯಾರಾದರೂ ಮುಟ್ಟಿದರೆ ಮಾತ್ರ ಬೈಗುಳ ಗ್ಯಾರಂಟಿ.

ಅವರದು ಎರಡೇ ಕಾನೂನು. ವಾಲ್ವನ್ನು ನಿಧಾನಕ್ಕೆ ತೆಗೆಯಬೇಕು. ಒಂದು ಬೀದಿಯ ಪೈಪು ಕೆಟ್ಟರೆ ನೀರನ್ನು ಪಕ್ಕದ ಬೀದಿಗೆ ತಿರುಗಿಸಬೇಕು, ತೊಟ್ಟೂ ಪೋಲಾಗಬಾರದು. ಸ್ವಂತ ಮಗಳ ಸೀಮಂತದ ದಿನವೇ ಅವರ ಬೀದಿಯ ಪೈಪು ಒಡೆಯಿತು. ಅಡುಗೆಯವರು ಖಾಲಿ ಹಂಡೆ ಮುಂದೆ ನಿಂತಿದ್ದರೂ ಮಾವ ನೀರನ್ನು ಪಕ್ಕದ ಬೀದಿಗೆ ಬಿಟ್ಟರು. ಅಲ್ಲಿದ್ದದ್ದು ಯಾರು? ಇವರ ಮೇಲೆ ಕೇಸು ಹಾಕಿದ್ದ ದಾಯಾದಿ. ಅವನು ಅವತ್ತು ಎರಡು ಸಲ ಎಮ್ಮೆ ತೊಳೆದನಂತೆ!

ಜನ್ಮದಲ್ಲಿ ಒಂದು ತೊಟ್ಟು ಹೆಂಡ ಮುಟ್ಟದ ಇಂಥವರಿಗೆ ಲಿವರು ಕೆಟ್ಟಿತು. ಬೇರೆ ಲಿವರು ಹಾಕಬೇಕು ಅಂದರು ಬೆಂಗಳೂರಿನ ಡಾಕ್ಟರು. ಸರಿ, ಹಾಕಿ ಅಂದೆವು. ಆಗುವುದಿಲ್ಲ, ಶ್ವಾಸಕೋಶದಲ್ಲಿ ಪ್ರೆಶರು ಜಾಸ್ತಿ ಇದೆ, ಅರಿವಳಿಕೆ ಡಾಕ್ಟರು ಒಪ್ಪಬೇಕು ಅಂದರು. ನಾನು ಮೂವತ್ತೆಂಟನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಪಾಸಾದವನು, ಅದರಲ್ಲೂ ವಿಜ್ಞಾನದಲ್ಲಿ ಬಂದದ್ದು ಮೂವತ್ತೈದು. ಕೆಟ್ಟಿರುವುದು ಹೊಟ್ಟೆಯೊಳಗಿನದು, ಪ್ರೆಶರು ಎದೆಯೊಳಗಿನದು, ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಬಿಪಿ ಕಮ್ಮಿ! ಯಾವುದನ್ನು ನಂಬುವುದು? ಕೊಯ್ಯುವವರು ಸಿದ್ಧವಿರುವಾಗ ನಿದ್ದೆ ಬರಿಸುವವರ ಅಪ್ಪಣೆ ಯಾಕೆ?

ಅರಿವಳಿಕೆ ಡಾಕ್ಟರಮ್ಮ ಚಿತ್ರ ಬರೆದು ವಿವರಿಸಿದರು. ನನಗೆ ಚಿತ್ರದಲ್ಲಿ ಹೃದಯ ಯಾವುದು ಅಂತಲೂ ತಿಳಿಯಲಿಲ್ಲ. ಮಾವ ಮಾತ್ರ ಮುಂದಕ್ಕೆ ಬಗ್ಗಿದರು.

"ತಡಿಯವ್ವ. ಮುಂದ್ಗಡೆ ಪೈಪು ಬಿಗಿಯಾಗೈತೆ. ಹೊಸ ಲಿವರ್ ಜೋಡ್ಸಿ ಒಂದೇ ಸಲ ಬುಟ್ರೆ ಮೋಟ್ರು ಕೂತ್ಕತದೆ. ಇಷ್ಟೇ ತಾನೆ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇಷ್ಟೇ ಯಜಮಾನ್ರೇ. ಪೈಪು ಅಂದ್ರೆ ಶ್ವಾಸಕೋಶದ ರಕ್ತನಾಳ, ಮೋಟ್ರು ಅಂದ್ರೆ ನಿಮ್ಮ ಹೃದಯ."

"ವಾಲ್ವು ತೆಗ್ಯೋರ್ ಯಾರು?"

"ತೆಗ್ಯೋದು ಸರ್ಜನ್ನು. ತೆಗೀರಿ ಅನ್ನೋದು ನಾನು."

ಮಾವ ಅವರನ್ನು ಮೇಲಿಂದ ಕೆಳಗೆ ನೋಡಿದರು. ಕೆಲಸಕ್ಕೆ ಹೊಸದಾಗಿ ಸೇರಿದ ವಾಲ್ವ್‌ಮನ್‌ಗಳನ್ನು ಅವರು ಹಾಗೆ ನೋಡುತ್ತಿದ್ದರು. ನನ್ನನ್ನು ಎಚ್ಚರವಾಗಿಯೇ ಇಡಿ, ಪಕ್ಕದಲ್ಲಿದ್ದು ನೋಡಿಕೊಳ್ಳುತ್ತೇನೆ ಅಂತಲೂ ಕೇಳಿದರು. ಅದಕ್ಕೆ ಮಾತ್ರ ಡಾಕ್ಟರಮ್ಮ ಒಪ್ಪಲಿಲ್ಲ.

ಮೊದಲು ಪ್ರೆಶರು ಇಳಿಸಲು ಮಾತ್ರೆ ಬರೆದರು. ಚೀಟಿಯನ್ನು ನಾನಿರುವ ಮರಳೂರಿನ ಮೆಡಿಕಲ್ ಸ್ಟೋರಿನಲ್ಲಿ ಕೊಟ್ಟೆ. ಅಂಗಡಿಯವನು ಚೀಟಿ ನೋಡಿದ, ನನ್ನನ್ನು ನೋಡಿದ, ದಿನಕ್ಕೆ ಮೂರು ಅಂತ ಬರೆದದ್ದನ್ನು ಮತ್ತೆ ನೋಡಿದ.

"ಯಾರ್ಗಣ್ಣ?"

"ನಮ್ಮ ಸೋದರಮಾವಂಗೆ."

"ವಯಸ್ಸು?"

"ಅರವತ್ನಾಲ್ಕು."

ಅವನು ಎದ್ದು ನಿಂತು ಮಾತ್ರೆ ಕೊಟ್ಟ! ಗಂಡಸರು ಗುಟ್ಟಾಗಿ ಕೊಳ್ಳುವ ಮಾತ್ರೆಯೇ ಅದಂತೆ, ಶ್ವಾಸಕೋಶದ ರಕ್ತನಾಳ ಸಡಿಲ ಮಾಡುವುದೂ ಅದೇ ಅಂತೆ. ಇದನ್ನೆಲ್ಲ ಅಂಗಡಿಯ ಮುಂದೆ ನಿಂತು ಹೇಗೆ ವಿವರಿಸುವುದು? ಕೂತ್ಕಳಪ್ಪ ಅಂದು ಬಂದೆ.

ಐದಾರು ತಿಂಗಳಲ್ಲಿ ಪ್ರೆಶರು ಇಳಿಯಿತು. ಒಂದು ಬೆಳಿಗ್ಗೆ ಲಿವರು ಸಿಕ್ಕಿದೆ ಅಂತ ಫೋನ್ ಬಂತು. ಕಬ್ಬಿಣದ ಕೀ ಸಮೇತ ಕಾರು ಹತ್ತಿದೆವು. ಆಸ್ಪತ್ರೆಯಲ್ಲಿ ಕುಣಿಗಲ್ ಕಡೆಯ ಒಬ್ಬ ಹೆಂಗಸೂ ಮಗಳನ್ನು ಕರೆತಂದಿದ್ದರು. ಮೊದಲನೆಯವರಿಗೆ ಆಗದಿದ್ದರೆ ಇರಲಿ ಅಂತ ಇನ್ನೊಬ್ಬರನ್ನೂ ಕರೆಸಿರುತ್ತಾರಂತೆ. ಒಂದೇ ಬೆಂಚಿನಲ್ಲಿ ಕೂತಿದ್ದರೂ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ದೇವರಲ್ಲಿ ಏನು ಕೇಳಿದರೂ ಅದು ಆ ಮಗುವಿಗೆ ಬೇಡ ಅಂದಂತಾಗುತ್ತಿತ್ತು.

ಒಳಗೆ ಹೋಗುವಾಗ ಮಾವ ಕೀಯನ್ನು ನನ್ನ ತೊಡೆಯ ಮೇಲಿಟ್ಟರು. "ಯಾರ್ಗೂ ಕೊಡ್ಬ್ಯಾಡ ಕಣ್ಲಾ."

ಎರಡು ಗಂಟೆಯೊಳಗೇ ಡಾಕ್ಟರಮ್ಮ ಹೊರಗೆ ಬಂದರು. ನಿದ್ದೆ ಬರಿಸಿ, ಕತ್ತಿನಿಂದ ಹೃದಯದೊಳಕ್ಕೆ ಸಣ್ಣ ನಳಿಗೆ ಇಳಿಸಿ ನೋಡಿದರೆ ಪ್ರೆಶರು ಮತ್ತೆ ಏರಿದೆ. ಔಷಧಿ ಕೊಟ್ಟು ಕಾದರೂ ಇಳಿಯಲಿಲ್ಲ. ಹಾಗಾಗಿ ಹೊಟ್ಟೆ ಕೊಯ್ಯಲೇ ಇಲ್ಲ ಅಂದರು. ಪಕ್ಕದ ಹೆಂಗಸಿನ ಮಗಳನ್ನು ಕರೆದರು. ಆ ತಾಯಿ ನನಗೆ ಕೈ ಮುಗಿದರು. ನಾನೂ ಮುಗಿದೆ, ಯಾಕೆ ಅಂತ ತಿಳಿಯಲಿಲ್ಲ.

ಸಂಜೆ ಮಾವನಿಗೆ ಎಚ್ಚರವಾಯಿತು. ಮೊದಲು ಹೊಟ್ಟೆ ಸವರಿಕೊಂಡರು.

"ಎಲ್ಲಿಗ್ಲಾ ಹಾಕವ್ರೆ ಹೊಲ್ಗೆ? ಕೈಗೇ ಸಿಗ್ತಿಲ್ಲ."

"ಪ್ರೆಶರ್ ಇಳೀಲಿಲ್ಲ ಮಾವ. ಡಾಕ್ಟ್ರಮ್ಮ ಬ್ಯಾಡ ಅಂದ್ರು."

ಮಾವ ಹೊಟ್ಟೆಯ ಮೇಲಿಂದ ಕೈ ತೆಗೆದರು. ಬೈಯುತ್ತಾರೆ ಅಂತ ಕಾದೆ.

"ಆ ಲಿವರು?"

"ಕುಣಿಗಲ್ ಹುಡ್ಗೀಗೆ ಹಾಕ್ತಾವ್ರೆ."

"ಪಕ್ಕದ್ ಬೀದಿಗೆ ತಿರುಗುಸ್ತಲ್ಲ ಡಾಕ್ಟ್ರು ತಾಯಿ. ಪೋಲಾಗ್ಲಿಲ್ಲ, ಬುಡು." ಕಣ್ಣು ಮುಚ್ಚಿಕೊಂಡೇ ಹೇಳಿದರು. "ಆ ಕೀ ಆಯಮ್ಮಂಗೆ ಕೊಡ್ಲಾ. ನಮ್ ಬೀದಿ ಸರದಿ ಬಂದಾಗ ಈಸ್ಕತೀನಿ."

ಕೀ ಈಗ ಡಾಕ್ಟರಮ್ಮನ ಕೋಣೆಯ ಗೋಡೆಗೆ ಒರಗಿದೆ. ಮಾವ ಗುಬ್ಬಿಯಲ್ಲಿ ಕಾಯುತ್ತಿದ್ದಾರೆ. ಮಾತ್ರೆಗೆ ನಾನು ಮರಳೂರಿನ ಅದೇ ಅಂಗಡಿಗೆ ಹೋಗುತ್ತೇನೆ. ಅಂಗಡಿಯವನು ಈಗಲೂ ಎದ್ದು ನಿಂತೇ ಕೊಡುತ್ತಾನೆ. ನಾನು ಈಗ ಕೂತ್ಕಳಪ್ಪ ಅನ್ನುವುದಿಲ್ಲ.