ಆಕರ ಸಂಖ್ಯೆ 23ರಲ್ಲಿ ‘ಭೀಮವ್ವ’ ಎಂದು ಬರೆಯುವ ಬಗ್ಗೆ

ಆಕರ ಪಟ್ಟಿ ಶಾಖೆ
(ಪುಣೆ ಕನ್ನಡಿಗರ ವಾರ್ಷಿಕ ಸಂಶೋಧನ ಸಂಪುಟದ ಸಲುವಾಗಿ)

ಸಂಖ್ಯೆ: ಆಪಶಾ/ಹೆಸರು/23/2024-25
ಪುಣೆ, ದಿನಾಂಕ: 18 ಮಾರ್ಚ್ 2025

ಸುತ್ತೋಲೆ

ವಿಷಯ: ಸಂಶೋಧನ ಲೇಖನದ ಕೊನೆಗೆ ಆಕರ ಪಟ್ಟಿ ಸಿದ್ಧಪಡಿಸುವ ಕ್ರಮ, ವಿಶೇಷವಾಗಿ, ಆಕರವು ಪುಸ್ತಕವಾಗಿರದೆ ಮನುಷ್ಯರಾಗಿದ್ದಲ್ಲಿ ಅನುಸರಿಸಬೇಕಾದ ವಿಧಾನ.

ಉಲ್ಲೇಖ:
1) ಕುಮಾರಿ ಸ್ನೇಹಲ್ ಇವರ ಲೇಖನ, ‘ಪುಣೆಯ ಬೇಸಿಗೆಯಲ್ಲಿ ಸ್ಲ್ಯಾಬಿಗೆ ನೀರುಣಿಸುವ ಕ್ರಮ.’
2) ಶ್ರೀಮತಿ ಭೀಮವ್ವ ಇವರ ಬಾಯಿಮಾತಿನ ತಕರಾರು. ದಿನಾಂಕ ಬರೆದುಕೊಂಡಿಲ್ಲ, ಸೋಮವಾರವಿತ್ತು.
3) ಇದೇ ವಿಷಯದ ಹಿಂದಿನ ಸುತ್ತೋಲೆ. ಹುಡುಕಲಾಗುತ್ತಿದೆ.

ಪ್ರಸ್ತಾವನೆ:

ಪುಣೆಯ ವಾಕಡದಲ್ಲಿ ಏಳುತ್ತಿರುವ ಕಟ್ಟಡವೊಂದರ ಏಳನೆಯ ಮಹಡಿಯಲ್ಲಿ ಭೀಮವ್ವ ಸ್ಲ್ಯಾಬಿಗೆ ನೀರು ಹೊಡೆಯುತ್ತಿರುವಾಗ, ಅರ್ಧ ತೊಯ್ದು ಅರ್ಧ ಇನ್ನೂ ಒಣಗಿದ್ದ ಹೊತ್ತಿನಲ್ಲಿ, ಎಂಜಿನಿಯರಿಂಗ್ ಓದುತ್ತಿರುವ ಸ್ನೇಹಲ್ ವಹಿ ಹಿಡಿದು ಮೆಟ್ಟಿಲೇರಿ ಬಂದು, ನೀರನ್ನು ಯಾವ ಕಡೆಯಿಂದ ಶುರುಮಾಡುತ್ತೀರಿ ಎಂದು ಕೇಳಿರುತ್ತಾರೆ. ಭೀಮವ್ವ ಪೈಪು ಕೆಳಗಿಡದೆಯೇ, “ಪಡುವಣ ಕಡಿ ಮದಲ ನೀರಡಸ್ತದವಾ. ಬರಿಗಾಲಾಗ ಹಿಮ್ಮಡ ಊರಿ ನೋಡು. ಸ್ಲ್ಯಾಬ್ ಹಿಮ್ಮಡ ಹಿಡೀತಂದ್ರ ನೀರ ಬೇಡ್ಲಕತ್ತದ ಅಂತ ತಿಳಿ” ಎಂದಿರುತ್ತಾರೆ. ಸ್ನೇಹಲ್ ಇಪ್ಪತ್ತು ದಿನ ಯಂತ್ರ ಇಟ್ಟು ತೇವ ಅಳೆದಾಗ, ಯಂತ್ರವೂ ಅದನ್ನೇ ಹೇಳಿತು. ಭೀಮವ್ವನಿಗೆ ಇದರಿಂದ ಆಶ್ಚರ್ಯವೇನೂ ಆಗಲಿಲ್ಲವೆಂದು ಕಡತದಲ್ಲಿದೆ.

ಸ್ನೇಹಲ್ ತಮ್ಮ ಲೇಖನದ ಆಕರ ಪಟ್ಟಿಯಲ್ಲಿ ಪುಸ್ತಕಗಳ ಸಾಲಿನಲ್ಲಿ, ಅಕಾರಾದಿಯಾಗಿ, ಇಪ್ಪತ್ತಮೂರನೆಯ ಸ್ಥಾನದಲ್ಲಿ ಭೀಮವ್ವನ ಹೆಸರು ಸೇರಿಸಬೇಕೆಂದು ಕೋರಿದ್ದರಿಂದ ಈ ಶಾಖೆಯ ನೆಮ್ಮದಿ ಕೆಟ್ಟಿದೆ. ಆದ್ದರಿಂದ ಎಲ್ಲರ ತಿಳಿವಳಿಕೆಗಾಗಿ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಆಕರವೆಂದರೆ ಅಚ್ಚಾದ ಪುಸ್ತಕ ಅಥವಾ ಪತ್ರಿಕೆ. ಸದರಿ ಆಕರವು ಉಸಿರಾಡುತ್ತಿರುವುದು ಕಂಡುಬಂದಲ್ಲಿ ಗಾಬರಿಯಾಗದೆ ನಮೂನೆ 4ನ್ನು ತುಂಬತಕ್ಕದ್ದು.

2. ನಮೂನೆ 4ರಲ್ಲಿ ಹೆಂಗಸರು ತಮ್ಮ ಹೆಸರಿನ ಮುಂದೆ ಗಂಡನ ಹೆಸರು ಹೇಳುವುದು ಕಡ್ಡಾಯವಾಗಿತ್ತು. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ರೂಢಿ ಭೀಮವ್ವನಿಗಿಲ್ಲ. ಪಟ್ಟಿ ತಪಾಸಣೆಯ ಗುಮಾಸ್ತರಾದ ಶ್ರೀ ಚನ್ನವೀರ ಇವರು ಮೂರು ಸಲ ಕೇಳಲಾಗಿ, “ನಮ್ಮ ಹುಡುಗ ಮಾಂತೂನ ಅಪ್ಪ ಅಂತ ಬರಕೋರಿ” ಎಂದೂ, ಅದು ನಡೆಯುವುದಿಲ್ಲ ಎನ್ನಲಾಗಿ, “ಶಿವನ ಗುಡ್ಯಾಗ ಮುಂದ ಕುಂತಿರ್ತದಲ್ರಿ, ಅದು” ಎಂದೂ ಸುಳಿವು ನೀಡಲಾಯಿತು. ಶ್ರೀ ಚನ್ನವೀರ ಇವರು ದೈವಭಕ್ತರಾದ್ದರಿಂದ ಕೂಡಲೇ ‘ನಂದೆಪ್ಪ’ ಎಂದು ಬರೆದುಕೊಂಡರು. ಹೀಗೆ ಎರಡು ತಿಂಗಳ ಕಾಲ ಪಟ್ಟಿಯಲ್ಲಿ ಯಾರಿಗೂ ಸಂಬಂಧಪಡದ ನಂದೆಪ್ಪನೆಂಬುವರು ಇದ್ದರು. ಇನ್ನು ಮುಂದೆ ಸುಳಿವಿನ ಮೇಲೆ ಹೆಸರು ಬರೆಯತಕ್ಕದ್ದಲ್ಲ. ಗದ್ದ ಎತ್ತಿ ಗಂಡನ ಕಡೆ ತೋರಿಸುವುದನ್ನೂ, ಅದರ ಜೆರಾಕ್ಸ್ ಬರುವುದಿಲ್ಲವಾದ ಕಾರಣ, ಒಪ್ಪಲಾಗುವುದಿಲ್ಲ.

3. ಬಳಿಕ ಗುರುತಿನ ಚೀಟಿ ನೋಡಿ, ಪತಿಯ ಹೆಸರು ಗೂಳಪ್ಪ ಎಂದು ಖಾತ್ರಿಪಡಿಸಿಕೊಳ್ಳಲಾಯಿತು. ಕೊನೆಯ ಹೆಸರನ್ನು ಮೊದಲು ತಂದು, ಮೊದಲಿನ ಹೆಸರಿಗೆ ಒಂದಕ್ಷರ ಉಳಿಸುವುದು ಆಕರ ಪಟ್ಟಿಯ ನಿಯಮ. ಅದರಂತೆ ನಮೂದು ‘ಗೂಳಪ್ಪ, ಭೀ.’ ಎಂದಾಯಿತು. ಅಕಾರಾದಿಯಲ್ಲಿ ಇಪ್ಪತ್ತಮೂರರಿಂದ ಆರನೆಯ ಸ್ಥಾನಕ್ಕೆ ಬಂತು. ಹದಿನೇಳು ಸ್ಥಾನ ಮೇಲೇರಿದ ಮೇಲೂ ತಕರಾರು ಮಾಡಿದ ಆಕರ ಈ ಶಾಖೆಯ ಅನುಭವದಲ್ಲಿ ಇದೊಂದೇ.

4. ಸದರಿ ನಮೂದಿನ ಪರಿಣಾಮವಾಗಿ ಶ್ರೀ ಗೂಳಪ್ಪನವರಿಗೆ ಚಹದ ಅಂಗಡಿಯಲ್ಲಿ ‘ಶಾಸ್ತ್ರಿಗಳೇ’ ಎಂದು ಕರೆಸಿಕೊಳ್ಳುವ ಪ್ರಸಂಗ ಬಂದಿದೆ. ಅವರು ಸ್ವತಃ ಶಾಖೆಗೆ ಬಂದು ನೀಡಿದ ಹೇಳಿಕೆ ಹೀಗಿದೆ: “ನಾ ಸೆಂಟ್ರಿಂಗ್ ಮನಷ್ಯಾರಿ. ಹಲಗಿ ಬಡಿಯೂದು ಬಿಟ್ರ ನನಗೇನೂ ಗೊತ್ತಿಲ್ಲ. ನೀರಿಂದು ಆಕಿನ್ನ ಕೇಳ್ರಿ.” ಆಕೆ ಎಂದರೆ ಯಾರು, ಹೆಸರು ಹೇಳಿ ಎಂದು ಶ್ರೀ ಚನ್ನವೀರ ಕೇಳಲಾಗಿ, “ಇನ್ಯಾರ್ರಿ, ಆಕೀನೇ” ಎಂದರು. ಹೆಂಡತಿಯ ಹೆಸರು ಹೇಳುವ ರೂಢಿ ಅವರಿಗೂ ಇಲ್ಲ. ಆದ್ದರಿಂದ ದಂಪತಿಗಳಲ್ಲಿ ಒಬ್ಬರಿಂದ ಇನ್ನೊಬ್ಬರ ಹೆಸರು ಪಡೆಯುವ ಪ್ರಯತ್ನವನ್ನು ಈ ಮೂಲಕ ಶಾಶ್ವತವಾಗಿ ಕೈಬಿಡಲಾಗಿದೆ.

5. ‘ಗೂಳಪ್ಪ ಮತ್ತು ಇತರರು’ ಎಂದು ಬರೆದು ಮುಗಿಸಬಹುದೆಂಬ ಸಲಹೆ ಶಾಖೆಯೊಳಗಿನಿಂದಲೇ ಬಂದಿತ್ತು. ಸ್ನೇಹಲ್ ಇದನ್ನು ಮಹಡಿಗೆ ಹೋಗಿ ಓದಿ ಹೇಳಿದಾಗ ಭೀಮವ್ವ ನಳ ಬಂದ್ ಮಾಡಿ ಬಂದು ಕುಳಿತರು. ಕೆಲಸದ ವೇಳೆಯಲ್ಲಿ ಅವರು ನಳ ಬಂದ್ ಮಾಡಿದ್ದು ಅದೇ ಮೊದಲೆಂದು ಸಾಕ್ಷಿಗಳು ಹೇಳುತ್ತಾರೆ. ಅವರ ಮಾತನ್ನು ಇದ್ದದ್ದು ಇದ್ದಂತೆ ದಾಖಲಿಸಲಾಗಿದೆ: “ಹಾಜರಿ ಬುಕ್ಕಿನಾಗ ‘ಗೂಳಪ್ಪ, ಜೋಡಿ’ ಅಂತ ಬರೀತಾರವಾ. ಇಪ್ಪತ್ತೆಂಟ ವರ್ಷ ಆತು, ಜೋಡಿ ಅಂದ್ರ ನಾನು. ನೀರ ನಾ ಹೊಡದೀನಿ, ಮಾತ ನಾ ಹೇಳೀನಿ. ಈ ಒಂದ ಕಡಿಗೆರ ನನ್ನ ಹೆಸರ ಬರಲಿ. ಮ್ಯಾಲ ಬ್ಯಾಡ, ಎಲ್ಲಿ ಬರಬೇಕೋ ಅಲ್ಲೇ ಬರಲಿ.” ‘ಮತ್ತು ಇತರರು’ ಎಂಬುದನ್ನು ಹೊಡೆದುಹಾಕಲಾಗಿದೆ.

6. ಪ್ರಕಟಣೆಯ ವರ್ಷ: ಆಕರವು ಮಾತನ್ನು ಮೊದಲ ಸಲ ಹೇಳಿದ ವರ್ಷ. ಅದೇ ಮಾತನ್ನು ಎರಡನೆಯ ಸಲ ಹೇಳಿದ್ದಲ್ಲಿ ಎರಡನೆಯ ಮುದ್ರಣವೆಂದೂ, ಎಷ್ಟು ಸಲ ಹೇಳಬೇಕವಾ ನಿನಗ ಎಂದು ಸೇರಿಸಿ ಹೇಳಿದ್ದಲ್ಲಿ ಪರಿಷ್ಕೃತ ಆವೃತ್ತಿಯೆಂದೂ ತಿಳಿಯತಕ್ಕದ್ದು.

7. ಪ್ರಕಟಣೆಯ ಸ್ಥಳ: ಮಾತು ಹೊರಟ ಮಹಡಿ. ಈ ಶಾಖೆಯು ಸ್ಥಳದ ಬಗ್ಗೆ ಸಭೆ ಸೇರಿ ತೀರ್ಮಾನಕ್ಕೆ ಬರುವಷ್ಟರಲ್ಲಿ ಕಟ್ಟಡವು ಇನ್ನೂ ಹದಿನಾಲ್ಕು ಮಹಡಿ ಮೇಲೆ ಹೋಗಿ, ಭೀಮವ್ವ ಇಪ್ಪತ್ತೊಂದನೆಯ ಸ್ಲ್ಯಾಬಿನ ಮೇಲಿದ್ದಾರೆ. ಆಕರವು ತನ್ನಷ್ಟಕ್ಕೆ ತಾನೇ ಮೇಲೇರುವುದನ್ನು ತಡೆಯುವ ಅಧಿಕಾರ ಶಾಖೆಗಿಲ್ಲ. ಮೊದಲಿನ ಮಹಡಿಯನ್ನೇ ಕಾಯಂ ಮಾಡಲಾಗಿದೆ.

8. ಪುಟ ಸಂಖ್ಯೆಯ ಬದಲು, ಆಕರವು ನಿಂತಿದ್ದ ಜಾಗದ ಸಮೀಪದ ಕಂಬದ ಸಂಖ್ಯೆ ಬರೆಯುವುದು. ಗ್ರಂಥದ ಹೆಸರನ್ನು ಓರೆ ಅಕ್ಷರದಲ್ಲಿ ಅಚ್ಚುಮಾಡುವ ಪದ್ಧತಿಯಿದ್ದರೂ, ಸದರಿ ಆಕರವು ನೆಟ್ಟಗೆ ನಿಂತು ಮಾತಾಡಿದ್ದರಿಂದ ನೆಟ್ಟಗಿನ ಅಕ್ಷರವನ್ನೇ ಬಳಸತಕ್ಕದ್ದು.

9. ಮೇಲಿನ ಎಲ್ಲವನ್ನೂ ಪರಿಗಣಿಸಿ, ನಮೂದಿನ ಅಂತಿಮ ರೂಪವನ್ನು ಹೀಗೆ ನಿಗದಿಪಡಿಸಲಾಗಿದೆ:

ಭೀಮವ್ವ. (2024). ಪಡುವಣ ಕಡೆ ಮೊದಲು ನೀರಡಿಸುತ್ತದೆ ಎಂಬ ಮಾತು. ವಾಕಡ: ಏಳನೆಯ ಮಹಡಿ, ಕಂಬ ಸಿ-14.

ಹೆಸರಾದ ಕೂಡಲೇ ಬಂದಿರುವ ಚುಕ್ಕೆಯನ್ನು ಯಾರೂ ಅಲ್ಪವಿರಾಮ ಮಾಡಿ, ಮುಂದೆ ಇನ್ನೊಬ್ಬರನ್ನು ತಂದು ಕೂಡಿಸತಕ್ಕದ್ದಲ್ಲ.

10. ಈ ತಿದ್ದುಪಡಿಯನ್ನು ತಿಳಿಸುವ ಪತ್ರವು ಕಲಬುರಗಿಯ ಅಚ್ಚುಕೂಟಕ್ಕೆ ಹೋಗಬೇಕಾಗಿತ್ತು. ಅಲ್ಲಿ ‘ಗೂಳಪ್ಪ, ಭೀ.’ ಎಂದೇ ಅಕ್ಷರ ಜೋಡಣೆಯಾಗಿದ್ದು, ಇದೇ 29ಕ್ಕೆ ಅಚ್ಚಿಗೆ ಹೋಗಲಿದೆ. ಪತ್ರವು ಕಳೆದ ಆಗಸ್ಟಿನಿಂದ ಲಕೋಟೆಯೊಳಗೆ ಮೇಜಿನ ಮೇಲಿದೆ. ನಿಯಮದಂತೆ ಏಳು ಸಹಿ ಬೇಕು. ಏಳನೆಯ ಸಹಿಯ ಶ್ರೀ ಮನೋಹರ ಇವರಿಗೆ ನೌಕರಿಯಲ್ಲಿ ದೂರದ ಕುರಕುಂಭದ ಕಾರ್ಖಾನೆಗೆ ಬದಲಿಯಾಗಿದ್ದು, ಅವರು ರವಿವಾರ ಮಾತ್ರ ಬರುತ್ತಾರೆ. ರವಿವಾರ ಮೊಹರಿನ ಕಪಾಟಿಗೆ ಕೀಲಿ. ಕೀಲಿ ತೆಗೆಸಲು ಬೇಕಾದ ಅರ್ಜಿಯ ಮೇಲೂ ಶ್ರೀ ಮನೋಹರ ಇವರದೇ ಸಹಿ ಆಗಬೇಕಾಗಿದೆ.

11. ಮೊನ್ನೆ ರವಿವಾರ, ದಿನಾಂಕ 16ರಂದು, ಶ್ರೀ ಮನೋಹರ ಇವರು ಬಸ್ಸು ತಪ್ಪಿ ಬರಲಿಲ್ಲ. ಭೀಮವ್ವ ಮಾತ್ರ ಸಂತೆಗೆ ಹೊರಟವರು, ಚೀಲ ಹಿಡಿದ ಗೂಳಪ್ಪನವರನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಬಂದರು. ಆಗ ನಡೆದ ಮಾತುಕತೆಯನ್ನು ಶ್ರೀ ಚನ್ನವೀರ ಇವರು ತಾವೇ ಬರೆದುಕೊಟ್ಟಿದ್ದು, ಇಲ್ಲಿ ಅಡಕ ಮಾಡಲಾಗಿದೆ:

“ಅಣ್ಣಾರ, ನನ್ನ ಹೆಸರಿನ ಲಕೋಟಿ ಇದೇ ಏನ್ರಿ?”

“ಹೌದವಾ. ಒಂದ ಸಹಿ ಬಾಕಿ ಅದ.”

“ಬಾಯಿಗಿ ಗೋಂದ ಹಚ್ಚೀರಿ, ಮ್ಯಾಲ ತಿಕೀಟ ಹಚ್ಚೀರಿ. ಇನ್ನ ಸಹಿ ಒಳಗ ಹ್ಯಾಂಗ ಹೋಗ್ತದರಿ?”

ಈ ಪ್ರಶ್ನೆಯನ್ನು ಏಳು ತಿಂಗಳಲ್ಲಿ ಶಾಖೆಯ ಯಾರೂ ಎತ್ತಿರಲಿಲ್ಲ. ಶ್ರೀ ಚನ್ನವೀರ ಇವರು ನಿಯಮಾವಳಿ ತೆರೆದು ನೋಡುತ್ತಿದ್ದಂತೆ ಭೀಮವ್ವ, “ನೀವು ಓದ್ರಿ. ನಾ ಹೆಂಗೂ ಆ ದಾರಿಲೆ ಹೊಂಟೀನಿ, ಹಾಕಿ ಹೋಗ್ತೀನಿ” ಎಂದು ಲಕೋಟೆಯನ್ನು ಎತ್ತಿಕೊಂಡು, ಸೆರಗಿನಿಂದ ಧೂಳು ಒರೆಸಿ, ರಸ್ತೆ ದಾಟಿ ಅಂಚೆ ಡಬ್ಬಿಯಲ್ಲಿ ಹಾಕಿರುತ್ತಾರೆ. ಒಳಗೆ ಬಿದ್ದ ಸಪ್ಪಳ ಕೇಳುವ ತನಕ ಅಲ್ಲಿಯೇ ನಿಂತಿದ್ದರೆಂದು ಗೂಳಪ್ಪನವರ ಸಾಕ್ಷಿ ಇದೆ.

12. ಸದರಿ ರವಾನೆಗೆ ಘಟನೋತ್ತರ ಅನುಮೋದನೆ ನೀಡಲಾಗಿದೆ. ರವಾನೆ ವಹಿಯಲ್ಲಿ ‘ಕಳುಹಿಸಿದವರು’ ಎಂಬ ಕಾಲಮಿನಲ್ಲಿ ಭೀಮವ್ವ ಎಂದು ಬರೆಯಲಾಗಿದೆ. ಆ ಕಾಲಮಿಗೆ ಗಂಡನ ಹೆಸರು ಬೇಕಾಗಿರಲಿಲ್ಲ.

ಸಹಿ/-
(ಅಂಬಾಬಾಯಿ)
ಶಾಖಾಧಿಕಾರಿ, ಪ್ರಭಾರ

ಪ್ರತಿಗಳು:
1) ಅಚ್ಚುಕೂಟದ ಮಾಲೀಕರು, ಕಲಬುರಗಿ: ಪತ್ರ ಮುಟ್ಟಿದ್ದಲ್ಲಿ ಮಾಹಿತಿಗಾಗಿ, ಮುಟ್ಟದಿದ್ದಲ್ಲಿ ಇದನ್ನೇ ಪತ್ರವೆಂದು ತಿಳಿಯಲು.
2) ಶ್ರೀ ಮನೋಹರ, ಕುರಕುಂಭ: ತಮ್ಮ ಸಹಿ ಬೇಕಾಗಿಲ್ಲವೆಂಬುದಕ್ಕೆ ಸಹಿ ಮಾಡಿ ಕಳುಹಿಸಲು.
3) ಶ್ರೀ ನಂದೆಪ್ಪ: ವಿಳಾಸ ಸಿಕ್ಕಲ್ಲಿ.
4) ಶ್ರೀ ಗೂಳಪ್ಪ: ಹೆಸರನ್ನು ಗೌರವಪೂರ್ವಕವಾಗಿ ಹಿಂದಿರುಗಿಸಿದೆ. ತಲುಪಿದ ಬಗ್ಗೆ ತಿಳಿಸುವುದು.
5) ಗುತ್ತಿಗೆದಾರರ ಹಾಜರಿ ಗುಮಾಸ್ತರು: ನೋಡಿ, ಅದರಂತೆ ನಡೆಯಲು.
6) ಕುಮಾರಿ ಸ್ನೇಹಲ್: ಭೀಮವ್ವನವರಿಗೆ ಪಟ್ಟಿಯನ್ನು ಓದಿ ಹೇಳಲು. ಮೊದಲಿನ ಇಪ್ಪತ್ತೆರಡನ್ನು ಬಿಟ್ಟರೂ ನಡೆಯುತ್ತದೆ.