ಸೋದರಮಾವನ ಮೂರಂತಸ್ತಿನ ಕೇಕು

ನಮ್ಮ ಕಡೆಯ ಮದುವೆಗಳಲ್ಲಿ ಸೋದರಮಾವನೆಂಬವನಿಗೆ ಗೌರವ ಬಹಳ ದೊಡ್ಡದು, ಕೆಲಸ ಬಹಳ ಸಣ್ಣದು. ಮದುಮಗಳನ್ನು ಮಂಟಪಕ್ಕೆ ಕರೆತಂದು ನಿಲ್ಲಿಸಿದರೆ ಮುಗಿಯಿತು. ಹಿಂದೆ ಎತ್ತಿಕೊಂಡೇ ಬರುತ್ತಿದ್ದರಂತೆ. ಈಗ ಹುಡುಗಿಯರು ಓದು ಮುಗಿಸಿ, ಕೆಲಸ ಹಿಡಿದು, ಆಮೇಲೆ ಮದುವೆಯಾಗುವುದರಿಂದಲೂ ಸೋದರಮಾವಂದಿರಿಗೆ ಅಷ್ಟು ಹೊತ್ತಿಗೆ ಸೊಂಟನೋವು ಶುರುವಾಗಿರುವುದರಿಂದಲೂ ಕೈಹಿಡಿದು ನಡೆಸಿಕೊಂಡು ಬಂದರೆ ಸಾಕೆಂದಾಗಿದೆ. ತಂದು ನಿಲ್ಲಿಸಿದ ಮೇಲೆ ಅವನನ್ನು ಯಾರೂ ಕೇಳುವುದಿಲ್ಲ. ಪಕ್ಕಕ್ಕೆ ಸರಿದು ಶಾಲು ಸರಿಮಾಡಿಕೊಳ್ಳುತ್ತಾ ನಿಂತಿರಬೇಕು. ಆದರೂ ಆ ನಾಲ್ಕು ಹೆಜ್ಜೆಗಳಷ್ಟು ಹೊತ್ತು ಇಡೀ ಛತ್ರ ಅವನನ್ನೇ ನೋಡುತ್ತದಲ್ಲ, ಆ ಆಸೆ ನನಗಿತ್ತು. ಕೊಪ್ಪದ ಸಹಕಾರ ಸಂಘದಲ್ಲಿ ಕುಳಿತು ಗೊಬ್ಬರದ ರಸೀದಿ ಬರೆಯುವವನನ್ನು ಬೇರೆ ಯಾವ ಸಂದರ್ಭದಲ್ಲಿ ಯಾರು ನೋಡುತ್ತಾರೆ?

ನನಗಿರುವವಳು ಒಬ್ಬಳೇ ತಂಗಿ, ಅಡ್ಡಗದ್ದೆಯಲ್ಲಿ. ಅವಳಿಗೊಬ್ಬಳೇ ಮಗಳು, ಸಂಧ್ಯಾ. ಕಾಲೇಜು ಓದುವಾಗ ಕೊಪ್ಪದ ನಮ್ಮ ಮನೆಯಲ್ಲೇ ಇದ್ದು, ನನ್ನ ಅಮ್ಮನ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡು ಬೆಳೆದವಳು. ಆಮೇಲೆ ನರಸಿಂಹರಾಜಪುರದ ಶಾಲೆಯೊಂದರಲ್ಲಿ ಟೀಚರಾದಳು. ಆ ಶಾಲೆಯ ನೀರಿನ ಮೋಟಾರು ಪದೇ ಪದೇ ಕೆಡುತ್ತಿತ್ತು. ರಿಪೇರಿಗೆ ಬರುತ್ತಿದ್ದವನು ಬಿಜು ಎಂಬ ಕ್ರೈಸ್ತರ ಹುಡುಗ, ಪೇಟೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು. ಮೋಟಾರು ಸರಿಹೋದ ಮೇಲೂ ಅವನು ಬರುವುದು ನಿಲ್ಲಲಿಲ್ಲವಾದ್ದರಿಂದ ವಿಷಯ ನಮ್ಮ ಮನೆಯವರೆಗೂ ಬಂತು.

ಮೊದಲು ಎರಡೂ ಮನೆಗಳಲ್ಲಿ ಆಗಬೇಕಾದಷ್ಟು ಅಳು, ಮೌನ, ಬಾಗಿಲು ಹಾಕಿಕೊಳ್ಳುವುದು ಎಲ್ಲ ಆಯಿತು. ಕೊನೆಗೆ ಮಂಟಪವೂ ಬೇಡ, ಚರ್ಚೂ ಬೇಡ, ರಿಜಿಸ್ಟರ್ ಕಚೇರಿಯಲ್ಲಿ ಸಹಿ ಹಾಕಿ ನರಸಿಂಹರಾಜಪುರ ಪೇಟೆಯ ಸಭಾಭವನದಲ್ಲಿ ಹಾರ ಹಾಕಿ, ಕೇಕ್ ಕತ್ತರಿಸಿ, ಊಟ ಹಾಕುವುದು ಎಂದು ತೀರ್ಮಾನವಾಯಿತು. ಎಲ್ಲರೂ ನಿಟ್ಟುಸಿರು ಬಿಟ್ಟರು, ನಾನೊಬ್ಬನನ್ನು ಬಿಟ್ಟು. ಮಂಟಪವೇ ಇಲ್ಲದ ಮೇಲೆ ಸೋದರಮಾವ ಹುಡುಗಿಯನ್ನು ಕರೆದುಕೊಂಡು ಹೋಗುವುದಾದರೂ ಎಲ್ಲಿಗೆ? ಈ ದುಃಖವನ್ನು ಹೆಂಡತಿ ಸುಮಳ ಹತ್ತಿರ ಹೇಳಿಕೊಂಡೆ. "ಕೂಸಿನ ಮದುವೆ ಆಗ್ತಿರೋದು ಮುಖ್ಯವಾ, ನಿಮ್ಮ ಶಾಲು ಮುಖ್ಯವಾ ಮಾರಾಯ್ರೆ?" ಎಂದಳು. ಕೇಳಿದ ಪ್ರಶ್ನೆಯಲ್ಲಿ ನ್ಯಾಯವಿತ್ತು.

ಅಮ್ಮ ಮಾತ್ರ ಇಷ್ಟು ದಿನ ಏನೂ ಹೇಳಿರಲಿಲ್ಲ. ಆಮಂತ್ರಣ ಹಿಡಿದುಕೊಂಡು ಬಂದ ಸಂಧ್ಯಾಳಿಗೆ, "ಬತ್ತೆ. ಮೊಮ್ಮಗಳ ಮದುವೆಗೆ ಬಾರದೆ ಇರ್ತೇನಾ? ಆದರೆ ಅಲ್ಲಿ ಎಂತದೂ ತಿನ್ನೋದಿಲ್ಲ. ಒತ್ತಾಯ ಮಾಡಬೇಡ" ಎಂದಳು. ಹೇಳಿದ್ದು ಮೆಲ್ಲಗೇ. ಆದರೆ ನಮ್ಮಲ್ಲಿ ಇದರ ಅರ್ಥ ಎಲ್ಲರಿಗೂ ಗೊತ್ತು. ಮದುವೆಮನೆಯಲ್ಲಿ ಜಗಳವಾಡಿದವರು ಕೂಡ ಎಲೆಯ ಮುಂದೆ ಕೂತು, ಪಾಯಸ ಮುಗಿಸಿ, ಆಮೇಲೆ ಜಗಳ ಮುಂದುವರಿಸುತ್ತಾರೆ. ಉಣ್ಣದೆ ಎದ್ದುಹೋದರೆ ಮಾತ್ರ ಆ ಸಂಬಂಧವನ್ನು ಒಪ್ಪಲಿಲ್ಲವೆಂದೇ ಲೆಕ್ಕ. ಅಮ್ಮ ಹೊರಗೆ ಊಟ ಮಾಡುವವಳಲ್ಲ ಎಂಬುದು ನಿಜ. ನಮ್ಮ ಮನೆಯ ಒಲೆಯದ್ದು, ಅದೂ ಮಡಿಯಲ್ಲಿ ಮಾಡಿದ್ದು ಬಿಟ್ಟರೆ ಅವಳಿಗೆ ಬೇರೆ ಊಟವಿಲ್ಲ. ಇದು ಬರೀ ಮಡಿಯೋ, ಮನಸ್ಸಿಲ್ಲದ್ದೋ ಎಂದು ಕೇಳುವ ಧೈರ್ಯ ನಮಗಿರಲಿಲ್ಲ.

ಸಂಧ್ಯಾ ಹೊರಡುವಾಗ ಗೇಟಿನ ಹತ್ತಿರ ನಿಂತು, "ಮಾವ, ಅಜ್ಜಿ ಒಂದೇ ಒಂದು ತುತ್ತು ತಿಂದ್ರೆ ಸಾಕು. ತಿನ್ನದೆ ಹೋದ್ರೆ ನಂಗೆ ಮದುವೆ ಆದ ಹಾಗೇ ಅನ್ಸೋದಿಲ್ಲ" ಎಂದಳು. ಕಣ್ಣಲ್ಲಿ ನೀರಿತ್ತು. ನಾನು ಯೋಚಿಸಿ ಮಾತಾಡುವವನು ಎಂದು ಸಂಘದಲ್ಲಿ ಹೆಸರಿದೆ. ಆದರೆ ಆಗ ನನ್ನ ಬಾಯಿಂದ, "ಅದಕ್ಕೆಂತ ಕೂಸೇ, ಆ ಕೇಕನ್ನ ನಮ್ಮನೆ ಒಲೆ ಮೇಲೆ ನಾನೇ ಮಾಡ್ತೇನೆ. ಅಜ್ಜಿ ಅದನ್ನ ತಿನ್ನಲಿ" ಎಂಬ ಮಾತು ಬಂದುಬಿಟ್ಟಿತು. ವರ್ಷಕ್ಕೊಮ್ಮೆ ದೀಪಾವಳಿಗೆ ಮೈಸೂರುಪಾಕು ಮಾಡುವವನು ನಾನು. ಅದು ಕೆಲವು ವರ್ಷ ಮೆದುವಾಗಿಯೂ ಬಂದಿದೆ.

ಬಿಜುವಿನ ತಾಯಿ ಲೀಲಮ್ಮ ಬೇಕರಿಗೆ ಹೇಳಿದ್ದ ಕೇಕನ್ನು ಬೇಡವೆಂದು, ಫೋನಿನಲ್ಲೇ ನನಗೆ ಪಾಠ ಹೇಳಲು ಒಪ್ಪಿದರು. ನಮ್ಮ ಫೋನು ಇರುವುದು ಜಗಲಿಯಲ್ಲಿ, ಅಮ್ಮ ಬತ್ತಿ ಹೊಸೆಯುತ್ತಾ ಕೂರುವ ಜಾಗದ ಪಕ್ಕದಲ್ಲಿ. "ಮೊದಲು ಮೊಟ್ಟೆ ಒಡೆದು ಚೆನ್ನಾಗಿ ಕಲಸಬೇಕು ಸಾರ್" ಎಂದು ಅವರು ಶುರುಮಾಡಿದರು. ನಮ್ಮ ಜಗಲಿಯಲ್ಲಿ ಆ ಶಬ್ದವನ್ನು ಇದುವರೆಗೆ ಯಾರೂ ಉಚ್ಚರಿಸಿದವರಲ್ಲ. "ಅದು ಬೇಡ" ಎಂದೆ. "ಯಾವುದು ಸಾರ್?" "ಅದೇ, ನೀವು ಮೊದಲು ಹೇಳಿದ್ದು." ಲೀಲಮ್ಮ ಬುದ್ಧಿವಂತೆ. "ಹಾಗಾದರೆ ಮೊಸರು, ಸೋಡಾಪುಡಿ" ಎಂದರು. ಅಮ್ಮ ಬತ್ತಿಯಿಂದ ತಲೆಯೆತ್ತಲಿಲ್ಲ.

ನಮ್ಮಲ್ಲಿ ಓವನ್ ಇಲ್ಲ. ದೊಡ್ಡ ಕುಕ್ಕರಿನ ತಳಕ್ಕೆ ಮರಳು ಹಾಕಿ, ಗ್ಯಾಸ್ಕೆಟ್ಟೂ ವೆಯ್ಟೂ ತೆಗೆದು, ಒಳಗೆ ಹಿಟ್ಟಿನ ಪಾತ್ರೆ ಇಟ್ಟು ಬೇಯಿಸುವ ಕ್ರಮ. ಮರಳನ್ನು ತಂಗಿ ತುಂಗೆಯ ದಡದಿಂದ ತೊಳೆದು ಕಳಿಸಿದ್ದಳು, ಹಾಗಾಗಿ ಅಮ್ಮ ಅದಕ್ಕೆ ಆಕ್ಷೇಪ ಎತ್ತಲಿಲ್ಲ. ಮೈದಾ ನೋಡಿ, "ಪೋಸ್ಟರ್ ಅಂಟಿಸೋ ಹಿಟ್ಟಲ್ಲವನಾ ಮಾಣಿ ಇದು?" ಎಂದಳು. ನನಗೆ ಐವತ್ತು ದಾಟಿದರೂ ಅಮ್ಮನಿಗೆ ನಾನು ಮಾಣಿಯೇ. ವೆನಿಲಾದ ಬಾಟಲಿ ಮೂಸಿ ನೋಡಿ, ಇದು ಸೆಂಟು, ಮೈಗೆ ಹಚ್ಚಿಕೊಳ್ಳುವ ವಸ್ತು ಒಲೆಯ ಹತ್ತಿರ ಬೇಡ ಎಂದು ಹೊರಗೆ ಕಳಿಸಿದಳು. ನನ್ನ ಮೊದಲ ಪ್ರಯತ್ನದ ಕೇಕು ಸುಮ ಚಾಕು ಹಾಕಿದರೆ ಚಾಕುವನ್ನು ಹಿಡಿದುಕೊಂಡಿತು, ಬಿಡಲಿಲ್ಲ. ಎರಡನೆಯದು ನಡುವೆ ಕುಸಿದು ಹೊಂಡವಾಯಿತು. ಮೂರನೆಯದು ಉಬ್ಬಿ ನಿಂತಾಗ ನಾನು ಪಕ್ಕದ ಮನೆಯವರನ್ನೂ ಕರೆದು ತೋರಿಸಿದೆ. ಅವರು ತಿಂದು, ಚೆನ್ನಾಗಿದೆ ಎಂದರು. ಉಳಿದದ್ದನ್ನು ಮನೆಗೆ ಒಯ್ಯಿರೆಂದರೆ ಮಾತ್ರ ಒಯ್ಯಲಿಲ್ಲ.

ಇಷ್ಟಾದ ಮೇಲೆ ಅಮ್ಮ ನನ್ನನ್ನು ಕರೆದು ನ್ಯಾಯಾಧೀಶರಂತೆ ವಿಚಾರಿಸಿದಳು. "ಅದಕ್ಕೆ ನೀರು ಹಾಕ್ತೀಯನಾ?" ಇಲ್ಲವೆಂದೆ, ಹಾಲು, ಮೊಸರು, ತುಪ್ಪ ಅಷ್ಟೇ. ನೀರಿನಲ್ಲಿ ಬೇಯಿಸಿದ್ದು ಮುಸುರೆ, ಅದಕ್ಕೆ ಮೈಲಿಗೆ ಬೇಗ ತಟ್ಟುತ್ತದೆ, ಹಾಲು ತುಪ್ಪದ್ದಕ್ಕೆ ತಟ್ಟುವುದಿಲ್ಲ ಎಂಬುದು ಅವಳ ಶಾಸ್ತ್ರ. "ಉಪ್ಪು?" ಇಲ್ಲ. "ಹಾಗಾದರೆ ಪ್ರಯಾಣಕ್ಕೆ ಅಡ್ಡಿಯಿಲ್ಲ. ಮಡಿಯಲ್ಲಿ ಮಾಡು. ನಡುವೆ ರುಚಿ ನೋಡಬೇಡ." ತಿನ್ನುತ್ತೇನೆಂದು ಅವಳು ಹೇಳಲಿಲ್ಲ. ಆದರೂ ಅಷ್ಟು ವಿಚಾರಿಸಿದಳಲ್ಲ ಎಂದು ನಾನು ಸಂಧ್ಯಾಳಿಗೆ ಫೋನು ಮಾಡಿ ಹೇಳಿದೆ. ಮರುದಿನ ಅಮ್ಮ ಅಡ್ಡಗದ್ದೆಗೆ ಹೊರಟಳು, ತಂಗಿಯ ಮನೆಯವರ ಜೊತೆ ಅಲ್ಲಿಂದಲೇ ಮದುವೆಗೆ ಬರುವುದೆಂದು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಸ್ನಾನ ಮಾಡಿ, ಮಡಿಪಂಚೆ ಉಟ್ಟು, ದೇವರಿಗೆ ಕೈಮುಗಿದು ಕೇಕು ಮಾಡಲು ಕೂತೆ. ಮಡಿಯುಟ್ಟು ಕೇಕು ಮಾಡಿದವರು ನಮ್ಮ ತಾಲೂಕಿನಲ್ಲಿ ನನಗಿಂತ ಮೊದಲು ಯಾರೂ ಇರಲಾರರು. ದೊಡ್ಡ ಪಾತ್ರೆಯದು ಕೆಳಗೆ, ಮಧ್ಯಮದ್ದು ನಡುವೆ, ಸಣ್ಣದು ಮೇಲೆ, ಹೀಗೆ ಮೂರಂತಸ್ತು. ವೆನಿಲಾ ಇಲ್ಲದ ಮೇಲೆ ಪರಿಮಳಕ್ಕೆ ಏನಾದರೂ ಬೇಕಲ್ಲ. ಏಲಕ್ಕಿ ಹಾಕಿದೆ, ಕೇಸರಿ ಹಾಕಿದೆ. ಸಿಹಿ ಮಾಡುವಾಗ ನನ್ನ ಕೈ ತಾನಾಗಿ ಪಚ್ಚಕರ್ಪೂರದ ಡಬ್ಬಿಗೆ ಹೋಗುತ್ತದೆ, ಅದನ್ನೂ ಹಾಕಿದೆ. ಎಷ್ಟು ಹಾಕಿದೆನೆಂದು ಈಗ ಕೇಳಿದರೆ ಹೇಳಲಾರೆ. ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂದಾಗಲೆಲ್ಲ ಇನ್ನೊಂದು ಚಿಟಿಕೆ ಹಾಕಿದ ನೆನಪು. ಸುಮ ಅಡುಗೆಮನೆಯ ಹೊಸಿಲಿನಾಚೆ ನಿಂತು, "ಅತ್ತೆ ಇಲ್ಲವಲ್ಲ, ಒಂದು ಚೂರು ಬಾಯಿಗೆ ಹಾಕಿ ನೋಡಿ, ಯಾರಿಗೆ ಗೊತ್ತಾಗ್ತದೆ?" ಎಂದಳು. ನನಗೂ ಆಸೆಯಾಯಿತು. ಆದರೆ ಅಮ್ಮ ಆ ತುಂಡನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರೆ ನಾನು ಸುಳ್ಳು ಹೇಳಲಾರೆ. ರುಚಿ ನೋಡಲಿಲ್ಲ.

ಅಲಂಕಾರಕ್ಕೆ ಮನೆಯ ಬೆಣ್ಣೆಗೆ ಸಕ್ಕರೆ ಪುಡಿ ನೊರೆಬರುವಂತೆ ಬೆರೆಸಿ, ಚಕ್ಕುಲಿ ಒರಳಿಗೆ ತುಂಬಿ ಒತ್ತಿದೆ. ಗುಲಾಬಿ ಬರಬೇಕಿತ್ತು. ಒರಳಿಗೆ ತಿಳಿದದ್ದು ಚಕ್ಕುಲಿ, ಅದು ಚಕ್ಕುಲಿಯನ್ನೇ ಕೊಟ್ಟಿತು. ಮೂರಂತಸ್ತಿಗೂ ಸುತ್ತ ಬೆಳ್ಳಗೆ ಬೆಣ್ಣೆಯ ಚಕ್ಕುಲಿಗಳು. ಸುಮ ಬಹಳ ಹೊತ್ತು ನೋಡಿ, "ಗಟ್ಟಿ ಕಾಣ್ತದೆ" ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಕಲಿತ ದಾಕ್ಷಿಣ್ಯ.

ಮರುದಿನ ಬಾಡಿಗೆ ಜೀಪಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊರಟೆ. ಸೀತೂರು ಕಡೆಯ ತಿರುವುಗಳಲ್ಲಿ ಡ್ರೈವರ್, "ಎಂತ ಉಂಟು ಸಾರ್ ಅದರಲ್ಲಿ, ಮಗುವನ್ನ ಹಿಡಿದ ಹಾಗೆ ಹಿಡ್ಕೊಂಡಿದ್ದೀರಿ?" ಎಂದು ಕೇಳಿದ. ಆಗಲೇ ನನಗೆ ಹೊಳೆದದ್ದು. ಸಂಧ್ಯಾಳನ್ನು ಕರೆದುಕೊಂಡು ಹೋಗುವ ಯೋಗ ತಪ್ಪಿತು, ಇದನ್ನಾದರೂ ಎತ್ತಿಕೊಂಡು ಹೋಗುತ್ತಿದ್ದೇನೆ. ಸಭಾಭವನದ ಬಾಗಿಲಲ್ಲಿ ಇಳಿದು ಶಾಲು ಹೊದ್ದು, ಕೇಕನ್ನು ಎರಡೂ ಕೈಯಲ್ಲಿ ಹಿಡಿದು, ಕುರ್ಚಿಗಳ ನಡುವಿನ ದಾರಿಯಲ್ಲಿ ನಿಧಾನವಾಗಿ ನಡೆದೆ. ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. ಕೇಕನ್ನು ನೋಡುತ್ತಿತ್ತು ಎಂಬುದು ಸುಮಳ ಅಭಿಪ್ರಾಯ.

ಹಾರ ಹಾಕಿಯಾಯಿತು. ಸಂಧ್ಯಾ, ಬಿಜು ಇಬ್ಬರೂ ಕೇಕು ಕತ್ತರಿಸಿ ಒಬ್ಬರಿಗೊಬ್ಬರು ತಿನ್ನಿಸಿದರು. ಬಿಜು ಅಗಿಯುತ್ತಾ ಅಗಿಯುತ್ತಾ ನಿಲ್ಲಿಸಿದ. ಆಮೇಲೆ ಧೈರ್ಯವಾಗಿ ನುಂಗಿದ. ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮನ ಹತ್ತಿರ ಸಂಧ್ಯಾ ಬೇರೆ ತುಂಡು ಕತ್ತರಿಸಿಕೊಂಡು ಬಂದಳು. ನಮ್ಮವರು, ಬಿಜುವಿನ ಕಡೆಯವರು ಎಲ್ಲರೂ ಕತ್ತೆತ್ತಿ ನೋಡಿದರು. "ಅಜ್ಜಿ, ಮಾವ ಮನೇಲಿ ಮಾಡಿದ್ದು" ಎಂದಳು, ಕೈ ಚಾಚಿಕೊಂಡೇ.

ಅಮ್ಮ ತುಂಡನ್ನು ನೋಡಿದಳು. ಆಮೇಲೆ ನನ್ನನ್ನು. "ಮಡಿಯಲ್ಲಿ ಮಾಡಿದ್ದಾ?"

"ಹೌದಮ್ಮ."

"ರುಚಿ ನೋಡಲಿಲ್ಲ ಅಲ್ಲವನಾ?"

"ಇಲ್ಲಮ್ಮ."

"ನೈವೇದ್ಯ ಮಾಡಿದ್ಯಾ?"

ಮಡಿಯಲ್ಲಿ ಮಾಡಿದ್ದನ್ನು ದೇವರಿಗೆ ಇಡದೆ ಅಮ್ಮ ಮುಟ್ಟುವವಳಲ್ಲ, ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಸಿಹಿ ಉಂಡೆಯಾಗಿದ್ದರೆ ಕೈ ತಾನಾಗಿ ದೇವರ ಮುಂದೆ ಇಡುತ್ತಿತ್ತು. ಮೂರಂತಸ್ತಿನ ಕೇಕನ್ನು ದೇವರ ಮುಂದೆ ಇಡಬೇಕೆಂದು ಹೊಳೆಯಲೇ ಇಲ್ಲ. "ಮರೆತೆ" ಎಂದೆ. ಸಂಧ್ಯಾಳ ಕೈ ಹಿಂದೆ ಸರಿಯತೊಡಗಿತು. ಅಷ್ಟು ಜನರ ನಡುವೆ ನನಗೆ ನೆಲ ಬಿರಿಯಬಾರದೇ ಎನ್ನಿಸಿತು.

ಅಮ್ಮ ಸಂಧ್ಯಾಳ ಹಿಂದೆ ನಿಂತಿದ್ದ ಬಿಜುವಿನ ಕಡೆ ತಿರುಗಿದಳು. ಅವನನ್ನು ಅವಳು ನೇರವಾಗಿ ನೋಡಿದ್ದು ಅದೇ ಮೊದಲು. ಅವನ ಮೀಸೆಗೆ ಬೆಣ್ಣೆ ಅಂಟಿತ್ತು.

"ಇವ ತಿಂದಾಯ್ತಲ್ಲ" ಎಂದಳು. "ಮದುವೆ ದಿನ ಗಂಡು ಹೆಣ್ಣು ಅಂದ್ರೆ ಲಕ್ಷ್ಮೀನಾರಾಯಣ. ಅವ್ರೇ ತಿಂದ ಮೇಲೆ ಇನ್ನೆಂತ ನೈವೇದ್ಯ? ಕೊಡು ಕೂಸೇ ಇತ್ಲಾಗಿ."

ಬಲಗೈಯನ್ನು ಎಡಗೈ ಮೇಲಿಟ್ಟು, ತೀರ್ಥ ತೆಗೆದುಕೊಳ್ಳುವಂತೆ ತುಂಡನ್ನು ಇಸಿದುಕೊಂಡಳು. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿದಳು. ಸಂಧ್ಯಾ ಅಲ್ಲೇ ನೆಲದ ಮೇಲೆ ಕುಳಿತು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ತಂಗಿ ಅತ್ತಳು. ನಾನು ಶಾಲಿನಿಂದ ಮುಖ ಒರೆಸಿಕೊಂಡೆ. ಪಂಪ್‌ಸೆಟ್ಟಿನ ನಾರಾಯಣ ಏನಾಯಿತೆಂದು ತಿಳಿಯದೆ ಮೀಸೆ ಒರೆಸಿಕೊಳ್ಳುತ್ತಾ ನಿಂತಿದ್ದ. ಅಮ್ಮ ಪೂರ್ತಿ ಅಗಿದು ನುಂಗಿ, "ಪಚ್ಚಕರ್ಪೂರ ಹೆಚ್ಚಾಯ್ತು ಮಾಣಿ" ಎಂದಳು.

ಹೆಚ್ಚಾದದ್ದು ಎಷ್ಟೆಂದು ಕೇಕು ಹಂಚಿದ ಮೇಲೆ ತಿಳಿಯಿತು. ಬಿಜುವಿನ ಕಡೆಯವರು ಬಹಳ ಭಕ್ತಿಯಿಂದ, ಮಾತಿಲ್ಲದೆ ಅಗಿಯುತ್ತಿದ್ದರು. ಲೀಲಮ್ಮ ನನ್ನ ಹತ್ತಿರ ಬಂದು, "ಶೀತಕ್ಕೆ ತುಂಬಾ ಒಳ್ಳೇದು ಸಾರ್, ನನ್ನ ಮೂಗು ಈಗ ಬಿಟ್ಟಿತು" ಎಂದರು. ಅವರು ದೊಡ್ಡ ಮನಸ್ಸಿನವರು.

ಗಡಿಬಿಡಿ ಮುಗಿದು ನಾನೂ ಒಂದು ತುಂಡು ತಿನ್ನೋಣವೆಂದು ಮೇಜಿನ ಹತ್ತಿರ ಹೋದರೆ ಅಲ್ಲಿ ತಟ್ಟೆ ಮಾತ್ರ ಇತ್ತು. ನಾರಾಯಣನ ಪ್ರಸಾದ ವ್ಯರ್ಥವಾಗಬಾರದೆಂದು ಅಮ್ಮ ಉಳಿದ ಅಂತಸ್ತುಗಳನ್ನೆಲ್ಲ ಬಾಳೆಎಲೆಯಲ್ಲಿ ಕಟ್ಟಿಸಿ, ಅಡ್ಡಗದ್ದೆಯ ಮನೆಮನೆಗೂ ಕೊಡಲು ತಂಗಿಯ ಚೀಲಕ್ಕೆ ತುಂಬಿಸಿಬಿಟ್ಟಿದ್ದಳು. "ನೀನು ಮಾಡಿದವ, ನಿಂಗೆಂತ ಹೊಸತಾ?" ಎಂದಳು.

ಹಾಗಾಗಿ ಆ ಕೇಕಿನ ರುಚಿ ಏನೆಂದು ನನಗೆ ಇಂದಿಗೂ ಗೊತ್ತಿಲ್ಲ. ಮದುವೆಗೆ ಬಂದವರು ಕೊಪ್ಪದ ಪೇಟೆಯಲ್ಲಿ ಸಿಕ್ಕಾಗಲೆಲ್ಲ ಅದರ ಮಾತೆತ್ತುತ್ತಾರೆ, ಕೆಲವರು ಮೂಗು ಹಿಡಿದುಕೊಂಡೂ ತೋರಿಸುತ್ತಾರೆ. ನಾನು ವಾದಿಸುವುದಿಲ್ಲ. ತಂದು ನಿಲ್ಲಿಸುವುದಷ್ಟೇ ಸೋದರಮಾವನ ಕೆಲಸ. ಪಕ್ಕಕ್ಕೆ ಸರಿದು ಶಾಲು ಸರಿಮಾಡಿಕೊಳ್ಳುತ್ತೇನೆ.